ಬಸ್ಸಲ್ಲಿ ಮಕ್ಕಳಿಗೆ, ಸ್ಕ್ರೀನ್ ಮುಂದೆ ಅಜ್ಜಿಗೆ: ತಲೆ ತಿರುಗೋದಕ್ಕೂ ವಯಸ್ಸಿಗೂ ಏನು ಸಂಬಂಧ?

ಒಂದೇ ಮನೆಯ ಮೂರು ಜನರನ್ನು ತಗೊಳ್ಳೋಣ. ಹತ್ತು ವರ್ಷದ ಒಬ್ಬ ಹುಡುಗ, ಇಂಜಿನಿಯರಿಂಗ್ ಓದುತ್ತಿರುವ ಅವನ ಅಕ್ಕ, ಎಪ್ಪತ್ತು ದಾಟಿದ ಅಜ್ಜಿ. ಮೂವರೂ ನಮ್ಮ ಕುರುಗೋಡಿನಲ್ಲಿ ಬಸ್ಸು ಹತ್ತಿ ಬಳ್ಳಾರಿಗೆ ಹೊರಟರು ಅನ್ನಿ. ಅರ್ಧ ದಾರಿಗೇ ಹುಡುಗನ ಮುಖ ಬಾಡುತ್ತೆ. ಅಕ್ಕ ಪ್ಲಾಸ್ಟಿಕ್ ಕವರ್ ಹುಡುಕುತ್ತಾಳೆ. ಅಜ್ಜಿ ಮಾತ್ರ ಪಕ್ಕದವರ ಜೊತೆ ಮೆಣಸಿನಕಾಯಿ ರೇಟು ಮಾತಾಡಿಕೊಂಡು ಆರಾಮಾಗಿ ಕೂತಿರ್ತಾರೆ. ಅದೇ ಮೂವರು ಮನೆಗೆ ವಾಪಸ್ ಬಂದು, ದೊಡ್ಡ ಟಿವಿಗೆ ಕಾರ್ ರೇಸ್ ಗೇಮ್ ಹಾಕಿದರೆ ಕಥೆ ಉಲ್ಟಾ ಆಗುತ್ತೆ. ಹುಡುಗ ಕುಣಿಯುತ್ತಾನೆ, ಅಕ್ಕನಿಗೆ ಏನೂ ಅನ್ನಿಸಲ್ಲ, ಅಜ್ಜಿ ಐದು ನಿಮಿಷಕ್ಕೆ ಕಣ್ಣು ಮುಚ್ಚಿಕೊಂಡು "ಬಂದ್ ಮಾಡವ್ವ, ಹೊಟ್ಟಿ ತೊಳಸಿದಂಗ ಆಗತೈತಿ" ಅಂತಾರೆ.

ನಮ್ಮ ಕಡೆ ಇದಕ್ಕೆ ರೆಡಿ ಉತ್ತರ ಇದೆ. ಹುಡುಗನಿಗೆ "ಬಸ್ಸು ಆಗಿಬರಲ್ಲ", ಅಜ್ಜಿಗೆ "ಅಭ್ಯಾಸ ಇಲ್ಲ". ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಒಂದೇ ತೊಂದರೆ ಬಸ್ಸಲ್ಲಿ ಚಿಕ್ಕವರನ್ನು ಹಿಡಿಯೋದು, ಸ್ಕ್ರೀನ್ ಮುಂದೆ ದೊಡ್ಡವರನ್ನು ಹಿಡಿಯೋದು ಯಾಕೆ? ಈ ಲೇಖನ ಅದರ ಬಗ್ಗೆ. ನಾವು ಇಂಜಿನಿಯರಿಂಗ್ ಓದುವವರಿಗೆ ಇದು ಬರೀ ಬಯಾಲಜಿ ವಿಷಯ ಅಲ್ಲ. ಯಾಕೆ ಅಂತ ಕೊನೆಯ ಭಾಗದಲ್ಲಿ ಹೇಳ್ತೀನಿ.

ಮೂರು ಸಾಕ್ಷಿಗಳು

ನಾನು ಈಗ ಅಲುಗಾಡ್ತಾ ಇದೀನಾ, ಸುಮ್ಮನೆ ಕೂತಿದೀನಾ ಅನ್ನೋದು ನಮಗೆ ಯೋಚನೆ ಮಾಡದೇ ಗೊತ್ತಾಗುತ್ತೆ. ಆದರೆ ಮಿದುಳಿಗೆ ಅದು ಸುಲಭದ ಕೆಲಸ ಅಲ್ಲ. ಅದು ಮೂರು ಸಾಕ್ಷಿಗಳ ಹೇಳಿಕೆ ತಗೊಂಡು ತೀರ್ಮಾನ ಮಾಡುತ್ತೆ.

ಮೊದಲ ಸಾಕ್ಷಿ ಒಳಕಿವಿ. ಕೇಳಿಸಿಕೊಳ್ಳುವ ಭಾಗದ ಪಕ್ಕದಲ್ಲೇ ಸಮತೋಲನದ ಭಾಗ ಇದೆ. ಅಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ, ಎಕ್ಸ್, ವೈ, ಝಡ್ ಅಕ್ಷಗಳ ಹಾಗೆ ನಿಂತಿವೆ. ತಲೆ ತಿರುಗಿಸಿದಾಗ ಅವುಗಳ ಒಳಗಿನ ದ್ರವ ಸ್ವಲ್ಪ ಹಿಂದೆ ಉಳಿಯುತ್ತೆ, ಅಲ್ಲಿನ ಸೂಕ್ಷ್ಮ ರೋಮಕೋಶಗಳು ಬಾಗುತ್ತವೆ, ಸಿಗ್ನಲ್ ಹೋಗುತ್ತೆ. ಇದು ನಮ್ಮೊಳಗಿನ ಜೈರೋಸ್ಕೋಪ್. ಇದರ ಜೊತೆಗೆ ಯುಟ್ರಿಕಲ್, ಸ್ಯಾಕ್ಯುಲ್ ಅನ್ನೋ ಎರಡು ಚೀಲಗಳಿವೆ. ಅವುಗಳಲ್ಲಿ ಸುಣ್ಣದ ಕಲ್ಲಿನಲ್ಲಿ ಇರುವ ಅದೇ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಹರಳುಗಳು ಒಂದು ಪದರದ ಮೇಲೆ ಕೂತಿರುತ್ತವೆ. ಬಸ್ಸು ಬ್ರೇಕ್ ಹಾಕಿದರೆ, ಲಿಫ್ಟ್ ಮೇಲೆ ಹೋದರೆ, ತಲೆ ವಾಲಿದರೆ ಈ ಹರಳುಗಳು ಜರುಗುತ್ತವೆ. ಇದು ನಮ್ಮೊಳಗಿನ ಆಕ್ಸಿಲರೋಮೀಟರ್.

ಎರಡನೇ ಸಾಕ್ಷಿ ಕಣ್ಣು. ಸುತ್ತಲಿನ ದೃಶ್ಯ ಹಿಂದಕ್ಕೆ ಹರಿದರೆ ನಾವು ಮುಂದಕ್ಕೆ ಹೋಗ್ತಿದೀವಿ ಅಂತ ಕಣ್ಣು ಹೇಳುತ್ತೆ. ಮೂರನೇ ಸಾಕ್ಷಿ ಮೈ. ಪಾದದ ಅಡಿಯ ಒತ್ತಡ, ಮೊಣಕಾಲು, ಕುತ್ತಿಗೆಯ ಸ್ನಾಯುಗಳು ಎಲ್ಲ ಸೇರಿ ಕಳಿಸುವ ಸುದ್ದಿ.

ನಡೆಯುವಾಗ, ಓಡುವಾಗ ಈ ಮೂವರ ಹೇಳಿಕೆ ಹೊಂದುತ್ತೆ. ಬಸ್ಸಿನೊಳಗೆ ತಲೆ ಬಗ್ಗಿಸಿ ಮೊಬೈಲ್ ನೋಡುವಾಗ ಹೊಂದಲ್ಲ. "ಅಲುಗಾಡ್ತಾ ಇದೀವಿ" ಅಂತ ಕಿವಿ ಹೇಳಿದರೆ, "ಎಲ್ಲ ನಿಂತಿದೆ" ಅಂತ ಕಣ್ಣು ಹೇಳುತ್ತೆ. ಸ್ಕ್ರೀನ್ ಮುಂದೆ ಇದರ ತಿರುಗಾಮುರುಗಾ. "ನೂರರ ಸ್ಪೀಡಲ್ಲಿ ಹೋಗ್ತಿದೀವಿ" ಅಂತ ಕಣ್ಣು ಹೇಳುತ್ತೆ, "ಕುರ್ಚಿ ಮೇಲೆ ಕೂತಿದೀವಿ" ಅಂತ ಕಿವಿ ಹೇಳುತ್ತೆ. ಈ ಜಗಳವೇ ತೊಂದರೆಯ ಮೂಲ ಅನ್ನೋ ವಾದವನ್ನು ರೀಸನ್ ಮತ್ತು ಬ್ರ್ಯಾಂಡ್ ಅನ್ನೋ ಇಬ್ಬರು 1975ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಕಟ್ಟಿಕೊಟ್ಟರು. ಇವತ್ತಿಗೂ ಹೆಚ್ಚು ಜನ ಒಪ್ಪುವ ವಿವರಣೆ ಅದೇ.

ಜಗಳ ತಲೆಯೊಳಗೆ ಆದರೆ ವಾಂತಿ ಯಾಕೆ ಅಂತ ನೀವು ಕೇಳಬಹುದು. 1977ರಲ್ಲಿ ಟ್ರೈಸ್‌ಮನ್ ಅನ್ನೋ ವಿಜ್ಞಾನಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಊಹೆ ಮುಂದಿಟ್ಟರು. ಕಾಡಿನಲ್ಲಿ ಬದುಕುತ್ತಿದ್ದ ಕಾಲದಲ್ಲಿ ಕಣ್ಣು ಕಿವಿ ಹೀಗೆ ತಾಳ ತಪ್ಪುತ್ತಿದ್ದದ್ದು ವಿಷದ ಕಾಯಿ, ಸೊಪ್ಪು ತಿಂದಾಗ. ಆಗ ಹೊಟ್ಟೆ ಖಾಲಿ ಮಾಡಿದರೆ ಜೀವ ಉಳಿಯುತ್ತಿತ್ತು. ಹಳೇ ಅಲಾರಂ ಹಾಗೇ ಉಳಿದುಕೊಂಡಿದೆ, ಬಸ್ಸು ಮತ್ತು ವಿಡಿಯೊ ಗೇಮಿಗೂ ಅದೇ ಹೊಡೆಯುತ್ತೆ ಅನ್ನೋದು ಅವರ ವಾದ. ಎಲ್ಲರೂ ಒಪ್ಪಿಲ್ಲ, ಆದರೆ ಯೋಚನೆ ಮಾಡೋಕೆ ಒಳ್ಳೇ ಊಹೆ.

ಕೂತಲ್ಲೇ ಪ್ರಯಾಣ

ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ನಿಂತಿರುತ್ತೆ. ಪಕ್ಕದ ಬಸ್ಸು ರಿವರ್ಸ್ ತಗೊಂಡರೆ ಒಂದು ಕ್ಷಣ ನಮ್ಮದೇ ಮುಂದಕ್ಕೆ ಹೊರಟ ಹಾಗೆ ಅನ್ನಿಸುತ್ತೆ ಅಲ್ವಾ? ಈ ಭ್ರಮೆಗೆ ವೆಕ್ಷನ್ ಅಂತ ಹೆಸರು. ನಾವು ಮ್ಯಾಕ್ ನಂಬರ್ ಅಂತ ಓದ್ತೀವಲ್ಲ, ಅದೇ ಅರ್ನ್ಸ್ಟ್ ಮ್ಯಾಕ್ 19ನೇ ಶತಮಾನದಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಸ್ಕ್ರೀನ್ ನಮ್ಮನ್ನು ಕೂತಲ್ಲೇ ಪ್ರಯಾಣ ಮಾಡಿಸೋದು ಈ ಭ್ರಮೆಯಿಂದಲೇ.

ಭ್ರಮೆ ಎಷ್ಟು ಗಟ್ಟಿ ಅನ್ನೋದು ದೃಶ್ಯ ನಮ್ಮ ನೋಟದ ಎಷ್ಟು ಭಾಗ ತುಂಬುತ್ತೆ ಅನ್ನೋದರ ಮೇಲಿದೆ. ಲೆಕ್ಕ ಹಾಕಿ ನೋಡಿ. 7 ಸೆಂ.ಮೀ. ಅಗಲದ ಫೋನನ್ನು 35 ಸೆಂ.ಮೀ. ದೂರ ಹಿಡಿದರೆ ಅದು ಸುಮಾರು 11 ಡಿಗ್ರಿ ಮಾತ್ರ. 95 ಸೆಂ.ಮೀ. ಅಗಲದ 43 ಇಂಚಿನ ಟಿವಿಯನ್ನು 2 ಮೀಟರ್ ದೂರದಿಂದ ನೋಡಿದರೆ 27 ಡಿಗ್ರಿ. ಅದೇ ಟಿವಿಯ ಮುಂದೆ 1 ಮೀಟರಿಗೆ ಬಂದರೆ 51 ಡಿಗ್ರಿ. 12 ಮೀಟರ್ ಅಗಲದ ಪರದೆಯನ್ನು 6 ಮೀಟರ್ ದೂರದ ಗಾಂಧಿ ಕ್ಲಾಸಿನಲ್ಲಿ ಕೂತು ನೋಡಿದರೆ 90 ಡಿಗ್ರಿ. ವಿಆರ್ ಹೆಡ್‌ಸೆಟ್ ಕೂಡ ಹೆಚ್ಚುಕಡಿಮೆ ಅಷ್ಟೇ. ಅಂಚಿನ ನೋಟ ತುಂಬಿದಷ್ಟೂ ಕಣ್ಣಿನ ಸಾಕ್ಷಿಗೆ ಬಲ ಜಾಸ್ತಿ.

ಇದು ಬರೀ ಗೇಮಿನ ಸಮಸ್ಯೆ ಅಲ್ಲ. 2003ರ ಜುಲೈನಲ್ಲಿ ಜಪಾನಿನ ಶಿಮಾನೆ ಪ್ರಾಂತ್ಯದ ಒಂದು ಶಾಲೆಯಲ್ಲಿ ಕೈಯಲ್ಲಿ ಹಿಡಿದು ತೆಗೆದ, ತುಂಬಾ ಅಲುಗಾಡುವ ಒಂದು ವಿಡಿಯೊವನ್ನು ದೊಡ್ಡ ಪರದೆ ಮೇಲೆ 20 ನಿಮಿಷ ತೋರಿಸಿದರು. ನೋಡಿದ 294 ಮಕ್ಕಳಲ್ಲಿ 36 ಮಂದಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯ್ತು. 2008ರಲ್ಲಿ ಬಂದ 'ಕ್ಲೋವರ್‌ಫೀಲ್ಡ್' ಸಿನಿಮಾ ಪೂರ್ತಿ ಕೈಕ್ಯಾಮೆರಾ ಶೈಲಿಯಲ್ಲಿತ್ತು. ಅಮೆರಿಕದ ಥಿಯೇಟರುಗಳಲ್ಲಿ "ತಲೆ ತಿರುಗಬಹುದು" ಅಂತ ಬೋರ್ಡ್ ಹಾಕಿದ್ದರು. 2013ರಲ್ಲಿ ಆ್ಯಪಲ್ ಕಂಪನಿಯ ಐಒಎಸ್ 7 ಬಂದಾಗ, ಐಕಾನುಗಳು ಝೂಮ್ ಆಗೋದು, ಹಿನ್ನೆಲೆ ಜಾರೋದು ನೋಡಿಯೇ ಹಲವರಿಗೆ ಹೊಟ್ಟೆ ತೊಳಸಿತು. ಆಮೇಲೆ ಆ ಚಲನೆಯನ್ನು ಕಡಿಮೆ ಮಾಡುವ ಆಯ್ಕೆಯನ್ನು ಸೆಟ್ಟಿಂಗ್ಸಿನಲ್ಲಿ ಸರಿಯಾಗಿ ಕೊಡಬೇಕಾಯ್ತು.

ಸಾಕ್ಷಿಗೆ ತೂಕ ಕಟ್ಟೋದು

ಈಗ ವಯಸ್ಸಿನ ವಿಷಯಕ್ಕೆ ಬರೋಣ. ಅದಕ್ಕೆ ಮುಂಚೆ ನಮ್ಮ ಲ್ಯಾಬಿನ ಒಂದು ಉದಾಹರಣೆ. ಬ್ಯಾಲೆನ್ಸಿಂಗ್ ರೋಬೋ ಮಾಡಿದವರಿಗೆ ಗೊತ್ತು, ಜೈರೋಸ್ಕೋಪ್ ಒಂದನ್ನೇ ನಂಬಿದರೆ ರೀಡಿಂಗ್ ನಿಧಾನಕ್ಕೆ ಜಾರುತ್ತಾ ಹೋಗುತ್ತೆ. ಆಕ್ಸಿಲರೋಮೀಟರ್ ಒಂದನ್ನೇ ನಂಬಿದರೆ ಗಡಗಡ ಅಂತ ನಡುಗುತ್ತೆ. ಅದಕ್ಕೇ ಕಾಂಪ್ಲಿಮೆಂಟರಿ ಫಿಲ್ಟರ್ ಬರೀತೀವಿ. ಜೈರೋ ಕಡೆಯಿಂದ 0.98 ಪಾಲು, ಆಕ್ಸಿಲರೋಮೀಟರ್ ಕಡೆಯಿಂದ 0.02 ಪಾಲು ತಗೊಂಡು ಕೂಡಿಸ್ತೀವಿ. ಯಾವ ಸೆನ್ಸರ್‌ನಲ್ಲಿ ಗದ್ದಲ ಕಡಿಮೆಯೋ ಅದಕ್ಕೆ ತೂಕ ಜಾಸ್ತಿ.

ಮಿದುಳು ಮಾಡೋದೂ ಇದೇ. ಆದರೆ ನಮ್ಮ ಕೋಡಿನಲ್ಲಿ 0.98 ಅಂತ ಬರೆದುಬಿಟ್ಟರೆ ಅದು ಹಾಗೇ ಇರುತ್ತೆ. ಮಿದುಳಿನಲ್ಲಿ ಆ ತೂಕಗಳು ಬದಲಾಗ್ತಾ ಇರುತ್ತವೆ. ಚಿಕ್ಕಂದಿನಲ್ಲಿ ಇನ್ನೂ ಸೆಟ್ ಆಗಿರಲ್ಲ. ನಮ್ಮ ವಯಸ್ಸಿಗೆ ಸೆಟ್ ಆಗಿರುತ್ತವೆ. ವಯಸ್ಸಾದಂತೆ ಸೆನ್ಸರುಗಳೇ ಸವೆಯೋದರಿಂದ ಮತ್ತೆ ಬದಲಾಗುತ್ತವೆ. ನಾನು ಹೇಳಬೇಕಾಗಿರೋದು ಮುಖ್ಯವಾಗಿ ಇಷ್ಟೇ: ವಯಸ್ಸು ಜನರನ್ನು ಗಟ್ಟಿ ಅಥವಾ ಮೆತ್ತಗೆ ಮಾಡಲ್ಲ, ಯಾವ ಸಾಕ್ಷಿಯನ್ನು ಎಷ್ಟು ನಂಬಬೇಕು ಅನ್ನೋ ತೂಕವನ್ನು ಬದಲಾಯಿಸುತ್ತೆ.

ಮಕ್ಕಳಿಗೆ ಯಾಕೆ ಬಸ್ಸು ಆಗಿಬರಲ್ಲ

ಎರಡು ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಂತಿ ಬಹಳ ಅಪರೂಪ. ತೊಡೆ ಮೇಲೆ ಹಾಯಾಗಿ ಮಲಗಿರುತ್ತವೆ. ಆರು ಏಳು ವರ್ಷದ ಹೊತ್ತಿಗೆ ತೊಂದರೆ ಶುರುವಾಗುತ್ತೆ, ಒಂಬತ್ತು ಹತ್ತರಲ್ಲಿ ತುದಿ ಮುಟ್ಟುತ್ತೆ, ಆಮೇಲೆ ಇಪ್ಪತ್ತರವರೆಗೆ ಇಳಿಯುತ್ತಾ ಬರುತ್ತೆ. ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಗ್ರಾಫ್ ಇದು.

ಒಂಬತ್ತು ಹತ್ತರಲ್ಲೇ ಯಾಕೆ? 2008ರಲ್ಲಿ ಬಂದ ಎರಡು ಬೇರೆ ಬೇರೆ ಅಧ್ಯಯನಗಳು ಒಂದು ಸುಳಿವು ಕೊಡುತ್ತವೆ. ದೊಡ್ಡವರು ಎರಡು ಇಂದ್ರಿಯಗಳ ಮಾಹಿತಿಯನ್ನು ತೂಕ ಹಾಕಿ ಸರಿಯಾಗಿ ಬೆರೆಸುತ್ತಾರೆ. ಸುಮಾರು ಎಂಟು ವರ್ಷದೊಳಗಿನ ಮಕ್ಕಳು ಹಾಗೆ ಬೆರೆಸಲ್ಲ, ಒಮ್ಮೆ ಒಂದನ್ನು, ಒಮ್ಮೆ ಇನ್ನೊಂದನ್ನು ನಂಬುತ್ತಾರೆ. ಅಂದರೆ ಸಾಕ್ಷಿಗಳನ್ನು ಹೋಲಿಸಿ ನೋಡುವ ಕಾರ್ಖಾನೆ ಶುರುವಾಗೋದು ಮತ್ತು ಬಸ್ಸಿನ ವಾಂತಿ ಜಾಸ್ತಿಯಾಗೋದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಹೋಲಿಕೆ ಶುರುವಾದ ಮೇಲೆ ತಾನೇ ತಾಳೆ ಆಗದೇ ಇರೋದು ಗೊತ್ತಾಗೋದು? ಕೂಸಿಗೆ ಇಬ್ಬರು ಸಾಕ್ಷಿಗಳ ಮಾತು ಹೊಂದುತ್ತಿಲ್ಲ ಅನ್ನೋದೇ ತಿಳಿಯಲ್ಲ. ಹತ್ತು ವರ್ಷದವನಿಗೆ ತಿಳಿಯುತ್ತೆ, ಆದರೆ ಅದನ್ನು ಕಡೆಗಣಿಸುವ ಅನುಭವ ಇನ್ನೂ ಇಲ್ಲ. ಇದು ಸಾಬೀತಾದ ಸಂಗತಿ ಅಂತ ಅಲ್ಲ, ಆದರೆ ಎರಡೂ ಗ್ರಾಫ್ ಪಕ್ಕ ಪಕ್ಕ ಇಟ್ಟರೆ ಚೆನ್ನಾಗಿ ಕೂಡುತ್ತೆ.

ಇನ್ನೊಂದು ಸಾದಾ ಕಾರಣವೂ ಇದೆ. ಸಣ್ಣ ಮಕ್ಕಳು ಸೀಟಿನಲ್ಲಿ ಕೂತರೆ ಕಿಟಕಿ ಹೊರಗಿನದು ಸರಿಯಾಗಿ ಕಾಣಲ್ಲ, ಮುಂದಿನ ಸೀಟಿನ ಬೆನ್ನು ಮಾತ್ರ ಕಾಣುತ್ತೆ. ಸುಮ್ಮನಿರಲಿ ಅಂತ ನಾವು ಕೈಗೆ ಮೊಬೈಲ್ ಬೇರೆ ಕೊಡ್ತೀವಿ. ಕಣ್ಣಿಗೆ ಹೊರಗಿನ ಚಲನೆ ಕಾಣದಂತೆ ಮಾಡೋಕೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ.

ನಮ್ಮ ವಯಸ್ಸಿನವರು ಯಾಕೆ ಬಚಾವ್

ಹದಿನೆಂಟರಿಂದ ಇಪ್ಪತ್ತೈದರ ನಮ್ಮ ಗುಂಪು ಲಕ್ಕಿ. ಒಳಕಿವಿ ಹೊಸದರ ಹಾಗಿದೆ, ತೂಕಗಳು ಸೆಟ್ ಆಗಿವೆ, ಮೇಲಿಂದ ವರ್ಷಗಟ್ಟಲೆ ಗೇಮ್ ಮತ್ತು ರೀಲ್ಸ್ ನೋಡಿ ಮಿದುಳು ಪಳಗಿದೆ. "ಸ್ಕ್ರೀನ್ ಅಲುಗಾಡಿದರೆ ನಾನು ಅಲುಗಾಡ್ತಿದೀನಿ ಅಂತ ಅರ್ಥ ಅಲ್ಲ" ಅನ್ನೋ ಒಂದು ಹೊಸ ರೂಲ್ ನಮ್ಮ ಮಿದುಳಿನಲ್ಲಿ ಬರೆದಾಗಿದೆ.

ಪಳಗೋದು ಸುಮ್ಮನೆ ಮಾತಲ್ಲ, ಅದು ಒಂದು ಚಿಕಿತ್ಸೆ ಕೂಡ. ಬೆಂಗಳೂರಿನಲ್ಲಿ ಭಾರತೀಯ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. 1957ರಲ್ಲಿ ಶುರುವಾದದ್ದು. ಗಗನಯಾನದ ಗಗನಯಾತ್ರಿಗಳ ಆಯ್ಕೆಯ ವೈದ್ಯಕೀಯ ಪರೀಕ್ಷೆ ನಡೆದದ್ದು ಅಲ್ಲೇ. ಹಾರಾಟದಲ್ಲಿ ವಾಂತಿ ಬರುವ ತರಬೇತಿ ಪೈಲಟ್‌ಗಳಿಗೆ ಅಲ್ಲಿ ಹಂತ ಹಂತವಾಗಿ ಅಭ್ಯಾಸ ಮಾಡಿಸ್ತಾರೆ. ಸ್ವಲ್ಪ ಸ್ವಲ್ಪ ತಿರುಗಿಸೋದು, ಮಿತಿ ದಾಟೋ ಮೊದಲು ನಿಲ್ಲಿಸೋದು, ಮರುದಿನ ಇನ್ನೊಂದಿಷ್ಟು. ಯುದ್ಧವಿಮಾನ ಹಾರಿಸುವವರಿಗೇ ಇಷ್ಟು ತಾಳ್ಮೆಯಿಂದ ಕಲಿಸಬೇಕು ಅಂದಮೇಲೆ, ಅಜ್ಜಿಗೆ ಮೊದಲ ದಿನವೇ ವಿಆರ್ ಹಾಕಿ ರೋಲರ್ ಕೋಸ್ಟರ್ ಹತ್ತಿಸೋದು ಅನ್ಯಾಯ ಅಲ್ವಾ?

ಆದರೆ ಪಳಗೋದು ಬಿಡಿಬಿಡಿಯಾಗಿ. ಬಸ್ಸಿಗೆ ಪಳಗಿದವರು ಸ್ಕ್ರೀನಿಗೆ ಪಳಗಿದಂತೆ ಅಲ್ಲ. ಐವತ್ತು ವರ್ಷ ಬಸ್ಸು, ಟ್ರ್ಯಾಕ್ಟರ್, ಎತ್ತಿನ ಗಾಡಿಯಲ್ಲಿ ಓಡಾಡಿದ ಅಜ್ಜಿಗೆ ಪ್ರಯಾಣ ಆಗಿಬರೋದು, ಸ್ಕ್ರೀನ್ ಆಗದೇ ಇರೋದು ಇದಕ್ಕೇ. ಮನೆಯ ಹುಡುಗನದು ಅದರ ಉಲ್ಟಾ.

ದೊಡ್ಡವರಿಗೆ ಆಗೋದೇನು

ಅಭ್ಯಾಸ ಇಲ್ಲ ಅನ್ನೋದು ಅರ್ಧ ಉತ್ತರ ಮಾತ್ರ. ಇನ್ನರ್ಧ ದೇಹದಲ್ಲಿದೆ.

ವಯಸ್ಸಾದಂತೆ ಒಳಕಿವಿಯ ರೋಮಕೋಶಗಳು ಕಡಿಮೆ ಆಗ್ತಾ ಹೋಗುತ್ತವೆ. ಅಲ್ಲಿಂದ ಹೊರಡುವ ನರದ ಎಳೆಗಳೂ ಕಡಿಮೆ ಆಗುತ್ತವೆ. ಹೋದದ್ದು ತಲೆಕೂದಲಿನ ಹಾಗೆ ಮತ್ತೆ ಬೆಳೆಯಲ್ಲ. ಪಾದದ ಸ್ಪರ್ಶವೂ ಮಂದ ಆಗುತ್ತೆ, ಶುಗರ್ ಇದ್ದರೆ ಇನ್ನೂ ಬೇಗ. ಅಂದರೆ ಮೂರು ಸಾಕ್ಷಿಗಳಲ್ಲಿ ಇಬ್ಬರ ದನಿ ಸಣ್ಣದಾಗುತ್ತೆ. ಉಳಿದವನು ಕಣ್ಣು. ಅವನ ಮೇಲೇ ಮಿದುಳು ಹೆಚ್ಚು ಭಾರ ಹಾಕುತ್ತೆ. ವಯಸ್ಸಾದವರು ಕತ್ತಲಲ್ಲಿ ನಡೆಯೋಕೆ ಗೋಡೆ ಹಿಡಿಯೋದು ಇದಕ್ಕೇ.

ಇದನ್ನು ಲೆಕ್ಕದಲ್ಲಿ ನೋಡಿ. ಸ್ಕ್ರೀನ್ ಮೇಲಿನ ಕಾರು 60 ಕಿ.ಮೀ. ವೇಗದಲ್ಲಿ ಹೋಗ್ತಿದೆ. ಕಣ್ಣು 60 ಅನ್ನುತ್ತೆ, ಒಳಕಿವಿ 0 ಅನ್ನುತ್ತೆ. ಚಿಕ್ಕವರಲ್ಲಿ ಕಣ್ಣಿಗೆ 0.4, ಕಿವಿಗೆ 0.6 ತೂಕ ಇದೆ ಅನ್ನಿ. ಮಿದುಳಿನ ಅಂದಾಜು 24. ದೊಡ್ಡವರಲ್ಲಿ ಕಣ್ಣಿಗೆ 0.7, ಕಿವಿಗೆ 0.3 ಅನ್ನಿ. ಅಂದಾಜು 42. ಈ ತೂಕಗಳು ವಿಷಯ ತಿಳಿಸೋಕೆ ನಾನು ಇಟ್ಟುಕೊಂಡವು, ಯಾರೂ ಅಳೆದದ್ದಲ್ಲ. ಆದರೆ ದಿಕ್ಕು ಸರಿ ಇದೆ. ಒಂದೇ ದೃಶ್ಯ, ಒಂದೇ ಕುರ್ಚಿ. ದೊಡ್ಡವರಿಗೆ "ನಾನು ಹೋಗ್ತಿದೀನಿ" ಅನ್ನೋ ಭ್ರಮೆ ಜಾಸ್ತಿ, ಕುರ್ಚಿಯ ವಾಸ್ತವಕ್ಕೂ ಅದಕ್ಕೂ ಅಂತರ ಜಾಸ್ತಿ.

ಇದರ ಜೊತೆ ಇನ್ನೂ ಮೂರು ವಿಷಯ ಸೇರುತ್ತವೆ. ಒಂದು, ತೂಕ ಬದಲಾಯಿಸುವ ವೇಗ. ಕಣ್ಣು ಮೋಸ ಮಾಡ್ತಿದೆ ಅಂತ ಗೊತ್ತಾದ ತಕ್ಷಣ ಅದರ ತೂಕ ಇಳಿಸಬೇಕು. ಈ ಕೆಲಸ ವಯಸ್ಸಾದಂತೆ ನಿಧಾನ ಆಗುತ್ತೆ. ಎರಡು, ಮೈಯ ಓಲಾಟ. ಚಲಿಸುವ ದೃಶ್ಯ ನೋಡುತ್ತಾ ನಿಂತರೆ ಎಲ್ಲರ ಮೈಯೂ ಸ್ವಲ್ಪ ಓಲುತ್ತೆ, ಹಿರಿಯರದು ಜಾಸ್ತಿ ಓಲುತ್ತೆ. ಮೈಯನ್ನು ಸ್ಥಿರವಾಗಿ ಹಿಡಿಯೋಕೆ ಆಗದೇ ಇರೋದೇ ಈ ಕಾಯಿಲೆಯ ನಿಜವಾದ ಕಾರಣ ಅಂತ ರಿಚಿಯೊ ಮತ್ತು ಸ್ಟೋಫ್ರೆಗನ್ 1991ರಲ್ಲಿ ವಾದಿಸಿದರು. ಮೂರು, ಚಾಳೀಸು. ನಲವತ್ತು ದಾಟಿದ ಮೇಲೆ ಕಣ್ಣಿನ ಲೆನ್ಸ್ ಗಟ್ಟಿಯಾಗಿ ಹತ್ತಿರದ್ದು ಮಸುಕಾಗುತ್ತೆ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಇರುವ ಪ್ರೊಗ್ರೆಸಿವ್ ಕನ್ನಡಕ ಹಾಕಿದರೆ ಅಂಚಿನಲ್ಲಿ ದೃಶ್ಯ ನೀರಿನ ಹಾಗೆ ತೇಲುತ್ತೆ. ಅದರ ಮೇಲೆ ಅಲುಗಾಡುವ ವಿಡಿಯೊ ಬೇರೆ.

ಡ್ರೈವಿಂಗ್ ಸಿಮ್ಯುಲೇಟರ್ ಅಧ್ಯಯನಗಳಲ್ಲಿ ಹಿರಿಯರಿಗೆ ಈ ತೊಂದರೆ ಹೆಚ್ಚು, ಅರ್ಧಕ್ಕೇ ಎದ್ದುಹೋಗುವವರೂ ಅವರೇ ಹೆಚ್ಚು ಅಂತ ಹಲವು ಸಲ ಕಂಡಿದೆ. ತಲೆಗೆ ಹಾಕುವ ವಿಆರ್ ವಿಷಯದಲ್ಲಿ ಫಲಿತಾಂಶಗಳು ಒಂದೇ ತರ ಇಲ್ಲ. ಅಲ್ಲಿ ಏನು ತೋರಿಸ್ತೀವಿ, ಕೂತಿದ್ದಾರಾ ನಿಂತಿದ್ದಾರಾ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ವಯಸ್ಸು ಒಂದೇ ಕಾರಣ ಅಲ್ಲ ಅನ್ನೋದನ್ನೂ ಹೇಳಬೇಕು. ಮೈಗ್ರೇನ್ ಇರುವವರಿಗೆ ಯಾವ ವಯಸ್ಸಿನಲ್ಲೂ ಇದು ಜಾಸ್ತಿ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಅಂತಲೂ ಬಹಳಷ್ಟು ಅಧ್ಯಯನಗಳು ಹೇಳುತ್ತವೆ.

ಒಂದು ಅನುಮಾನ

ಇಲ್ಲಿವರೆಗೆ ಓದಿದವರಿಗೆ ಒಂದು ಪ್ರಶ್ನೆ ಬರಬೇಕು. ಒಳಕಿವಿಯ ದನಿ ಕಡಿಮೆ ಆದರೆ ಜಗಳವೂ ಕಡಿಮೆ ಆಗಬೇಕಲ್ವಾ? ಒಬ್ಬನೇ ಮಾತಾಡಿದರೆ ಜಗಳ ಎಲ್ಲಿಂದ?

ಒಳಕಿವಿ ಪೂರ್ತಿ ಕೆಲಸ ನಿಲ್ಲಿಸಿದರೆ ಹಾಗೇ ಆಗುತ್ತೆ. 1958ರಿಂದ ಅಮೆರಿಕದ ನೌಕಾಪಡೆ ಮತ್ತು ನಾಸಾ ಸೇರಿ, ಗ್ಯಾಲೊಡೆಟ್ ಕಾಲೇಜಿನ 11 ಜನ ಕಿವುಡ ಗಂಡಸರ ಮೇಲೆ ಪ್ರಯೋಗ ಮಾಡಿದರು. ಹೆಚ್ಚಿನವರಿಗೆ ಚಿಕ್ಕಂದಿನಲ್ಲಿ ಮೆನಿಂಜೈಟಿಸ್ ಬಂದು ಒಳಕಿವಿಯ ಸಮತೋಲನದ ಭಾಗವೇ ಹಾಳಾಗಿತ್ತು. ಬಿರುಗಾಳಿಯ ಸಮುದ್ರದಲ್ಲಿ ಹಡಗು ಎತ್ತಿ ಒಗೆಯುತ್ತಿದ್ದಾಗ ಇವರು ಆರಾಮಾಗಿ ಇಸ್ಪೀಟು ಆಡುತ್ತಿದ್ದರಂತೆ, ಪ್ರಯೋಗ ಮಾಡೋಕೆ ಬಂದ ವಿಜ್ಞಾನಿಗಳೇ ಮಲಗಿಬಿಟ್ಟಿದ್ದರು. ಸಾಕ್ಷಿ ಇಲ್ಲದಿದ್ದರೆ ಕೇಸೂ ಇಲ್ಲ.

ಆದರೆ ಹಿರಿಯರಲ್ಲಿ ಒಳಕಿವಿ ಬಂದ್ ಆಗಿರಲ್ಲ, ಗದ್ದಲ ಜಾಸ್ತಿ ಆಗಿರುತ್ತೆ. ಸತ್ತ ಸೆನ್ಸರನ್ನು ಸರ್ಕ್ಯೂಟಿನಿಂದ ತೆಗೆದುಬಿಡಬಹುದು. ಒಮ್ಮೆ ಸರಿ, ಒಮ್ಮೆ ತಪ್ಪು ಹೇಳುವ ಸೆನ್ಸರ್ ಇದ್ದರೆ ಅದನ್ನು ಬಿಡೋಕೂ ಆಗಲ್ಲ, ನಂಬೋಕೂ ಆಗಲ್ಲ. ಪ್ರಾಜೆಕ್ಟಿನಲ್ಲಿ ಲೂಸ್ ಕನೆಕ್ಷನ್ ಹುಡುಕಿ ರಾತ್ರಿ ಕಳೆದವರಿಗೆ ಇದರ ಕಷ್ಟ ಬೇರೆ ಹೇಳಬೇಕಾಗಿಲ್ಲ.

ಅಜ್ಜಿ ಯಾವಾಗಲೂ ಪ್ಯಾಸೆಂಜರ್

ಇನ್ನೊಂದು ವಿಷಯ ನಾವು ಗಮನಿಸೋದೇ ಇಲ್ಲ. ಘಾಟಿ ರಸ್ತೆಯಲ್ಲಿ ಬಸ್ಸಿನ ತುಂಬಾ ಜನ ವಾಂತಿ ಮಾಡಿಕೊಂಡರೂ ಡ್ರೈವರ್‌ಗೆ ಏನೂ ಆಗಲ್ಲ. ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು, ಸ್ಟಿಯರಿಂಗ್ ಅವರ ಕೈಯಲ್ಲಿದೆ, ಮಿದುಳು ಮುಂಚೆಯೇ ಅಂದಾಜು ಮಾಡಿರುತ್ತೆ. ಸ್ಕ್ರೀನಿನಲ್ಲೂ ಹಾಗೇ. ಕೈಯಲ್ಲಿ ಕಂಟ್ರೋಲರ್ ಇದ್ದವನಿಗಿಂತ ಪಕ್ಕದಲ್ಲಿ ಕೂತು ನೋಡುವವನಿಗೆ ತೊಂದರೆ ಜಾಸ್ತಿ.

ಈಗ ನಮ್ಮ ಮನೆಗಳ ಸ್ಕ್ರೀನ್ ನೆನಪು ಮಾಡಿಕೊಳ್ಳಿ. ದೊಡ್ಡಬಸವೇಶ್ವರ ಜಾತ್ರೆ ದಿನ ತೇರು ತೋರಿಸ್ತೀವಿ ಅಂತ ಊರಿಂದ ವಿಡಿಯೊ ಕಾಲ್ ಮಾಡ್ತೀವಿ. ಜನರ ಮಧ್ಯೆ ಫೋನ್ ಮೇಲೆತ್ತಿ, ನಡೀತಾ, ಆ ಕಡೆ ಈ ಕಡೆ ತಿರುಗಿಸ್ತಾ ಹೋಗ್ತೀವಿ. ನಮ್ಮ ಕೈ ಎಲ್ಲಿಗೆ ತಿರುಗುತ್ತೆ ಅಂತ ನಮಗೆ ಗೊತ್ತು. ಬೆಂಗಳೂರಿನ ಮಗನ ಮನೆಯಲ್ಲಿ ಕೂತು ಅದನ್ನು ದೊಡ್ಡ ಟಿವಿಯಲ್ಲಿ ನೋಡುವ ಅಜ್ಜಿಗೆ ಗೊತ್ತಿಲ್ಲ. ತೇರು ನೋಡೋ ಆಸೆ ಇದ್ದರೂ "ಸಾಕು ಬಿಡಪ್ಪ" ಅಂದುಬಿಡ್ತಾರೆ. ದೊಡ್ಡವರಿಗೆ ಮೊಬೈಲ್ ಇಷ್ಟ ಇಲ್ಲ ಅಂತ ನಾವು ಅಂದುಕೊಳ್ತೀವಿ.

ಮನೆಯಲ್ಲಿ ಮಾಡಬಹುದಾದದ್ದು

ವಿಡಿಯೊ ಕಾಲಿನಲ್ಲಿ ನಡೆಯುತ್ತಾ ತೋರಿಸಬೇಡಿ. ನಿಂತು, ಫೋನನ್ನು ಅಡ್ಡ ಹಿಡಿದು, ಮೆಲ್ಲಗೆ ತಿರುಗಿಸಿ. ತಿರುಗಿಸೋ ಮೊದಲು "ಈಗ ಬಲಗಡೆ ತೋರಿಸ್ತೀನಿ" ಅನ್ನಿ. ಹೇಳಿದರೆ ನೋಡುವವರೂ ಅರ್ಧ ಡ್ರೈವರ್ ಆದಂತೆ.

ದೊಡ್ಡ ಟಿವಿಯಿಂದ ಹಿಂದೆ ಸರಿದು ಕೂರಿ, ಕೋಣೆಯ ಲೈಟ್ ಹಾಕಿರಲಿ. ಅಲುಗಾಡದ ಗೋಡೆ, ಬಾಗಿಲು ಕಣ್ಣಂಚಿಗೆ ಕಾಣ್ತಾ ಇದ್ದರೆ ಭ್ರಮೆ ಇಳಿಯುತ್ತೆ. ಫ್ಯಾನ್ ಗಾಳಿ ಮುಖಕ್ಕೆ ಬಿದ್ದರೂ ಉಪಯೋಗ ಇದೆ. ಹಿರಿಯರು ನಿಂತು ನೋಡೋದು ಬೇಡ. ಓಲಾಡಿ ಬಿದ್ದರೆ ಸೊಂಟದ ಮೂಳೆಗೆ ಪೆಟ್ಟು. ವಾಕರಿಕೆ ಎರಡು ತಾಸಿಗೆ ಹೋಗುತ್ತೆ, ಮುರಿದ ಮೂಳೆ ಹೋಗಲ್ಲ.

ಫೋನಿನ ಸೆಟ್ಟಿಂಗ್ಸಿನಲ್ಲಿ ಆ್ಯಕ್ಸೆಸಿಬಿಲಿಟಿ ಒಳಗೆ ಅನಿಮೇಶನ್ ತೆಗೆಯುವ ಆಯ್ಕೆ ಇರುತ್ತೆ. ಮನೆಯ ಹಿರಿಯರ ಫೋನಿನಲ್ಲಿ ಒಮ್ಮೆ ಆನ್ ಮಾಡಿಕೊಡಿ.

ಬಸ್ಸಿನಲ್ಲಿ ಮಕ್ಕಳನ್ನು ಮುಂದಿನ ಸೀಟಿನಲ್ಲಿ, ಹೊರಗೆ ದೂರದ ಗುಡ್ಡ ಕಾಣುವ ಹಾಗೆ ಕೂರಿಸಿ. ಮೊಬೈಲ್ ಬೇಡ. ವಾಂತಿ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಸಣ್ಣ ಮಕ್ಕಳಿಗೆ, ಹಿರಿಯರಿಗೆ ನಾವೇ ಕೊಡೋದು ಸರಿಯಲ್ಲ. ನಿದ್ದೆ ಬರಿಸುವ ಮಾತ್ರೆಗಳು ಅವು, ಡಾಕ್ಟರನ್ನು ಕೇಳಿ.

ಸ್ಕ್ರೀನ್ ಇಲ್ಲದೇ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೂ ತಲೆ ತಿರುಗಿದರೆ ಅದು ಬೇರೆ ತೊಂದರೆ, ಡಾಕ್ಟರಿಗೆ ತೋರಿಸಬೇಕು. ತಲೆ ತಿರುಗೋದರ ಜೊತೆ ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ ಕಾಯಬಾರದು, ತಕ್ಷಣ ಆಸ್ಪತ್ರೆಗೆ.

ನಮ್ಮ ಪ್ರಾಜೆಕ್ಟ್ ಯಾರಿಗೆ?

ಈಗ ಮೊದಲೇ ಹೇಳಿದ್ದ ವಿಷಯಕ್ಕೆ ಬರ್ತೀನಿ. ಆ್ಯಪ್, ಗೇಮ್, ವಿಆರ್ ಪ್ರಾಜೆಕ್ಟ್ ಮಾಡಿದಾಗ ನಾವು ಟೆಸ್ಟ್ ಮಾಡೋದು ಯಾರ ಮೇಲೆ? ಹಾಸ್ಟೆಲ್ ರೂಮ್‌ಮೇಟ್ ಮೇಲೆ, ಕ್ಲಾಸ್‌ಮೇಟ್ ಮೇಲೆ. ಅಂದರೆ ಇಡೀ ಜೀವನದಲ್ಲಿ ಈ ತೊಂದರೆ ಅತಿ ಕಡಿಮೆ ಇರುವ ವಯಸ್ಸಿನವರ ಮೇಲೆ. ಹತ್ತು ಜನಕ್ಕೂ ಏನೂ ಆಗಲಿಲ್ಲ ಅಂತ ರಿಪೋರ್ಟಿನಲ್ಲಿ ಬರೀತೀವಿ. ಸೇತುವೆ ಮೇಲೆ ಸೈಕಲ್ ಓಡಿಸಿ ನೋಡಿ ಲಾರಿಗೆ ಪರ್ಮಿಟ್ ಕೊಟ್ಟ ಹಾಗೆ ಇದು.

ಹಂಪಿಯ ವಿಆರ್ ಟೂರ್ ಮಾಡ್ತೀವಿ ಅನ್ನಿ. ನಾವು ಬೈಕ್ ಹತ್ತಿ ಹೋಗಿ ಮಾತಂಗ ಬೆಟ್ಟ ಏರಿ ಬರಬಹುದು. ಆ ಟೂರ್ ನಿಜವಾಗಿ ಬೇಕಾಗಿರೋದು ಮೊಣಕಾಲು ನೋವಿನಿಂದ ಹತ್ತೋಕೆ ಆಗದ ಅಜ್ಜ ಅಜ್ಜಿಯರಿಗೆ. ಅವರಿಗೇ ಐದು ನಿಮಿಷಕ್ಕೆ ಹೊಟ್ಟೆ ತೊಳಸಿದರೆ ನಾವು ಮಾಡಿದ್ದು ಯಾರಿಗೆ? ಪರಿಹಾರಗಳು ಕಷ್ಟದವಲ್ಲ. ಕ್ಯಾಮೆರಾ ತಾನಾಗಿ ಓಡಬಾರದು, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಮೆಲ್ಲಗೆ ದೃಶ್ಯ ಬದಲಾಗಲಿ. ಚಲಿಸುವಾಗ ಅಂಚುಗಳನ್ನು ಕಪ್ಪು ಮಾಡಿ ನೋಟದ ಅಗಲ ಕಡಿಮೆ ಮಾಡಿ. ತಲೆ ತಿರುಗಿಸಿದ್ದಕ್ಕೂ ದೃಶ್ಯ ತಿರುಗಿದ್ದಕ್ಕೂ ನಡುವೆ 20 ಮಿಲಿಸೆಕೆಂಡಿಗಿಂತ ಜಾಸ್ತಿ ತಡ ಆಗದಿರಲಿ. ಕೂತು ನೋಡುವ ಮೋಡ್ ಇರಲಿ. ನಿಲ್ಲಿಸೋ ಬಟನ್ ದೊಡ್ಡದಾಗಿ, ಕನ್ನಡದಲ್ಲಿ ಇರಲಿ.

ಕನ್ನಡ ಸಂಘದವರು ಮಾಡಬಹುದಾದ ಒಂದು ಕೆಲಸವೂ ಇದೆ. ಈ ತೊಂದರೆಯನ್ನು ಅಳೆಯೋಕೆ 1993ರಲ್ಲಿ ಕೆನಡಿ ಮತ್ತು ಸಂಗಡಿಗರು ಒಂದು ಪ್ರಶ್ನಾವಳಿ ಮಾಡಿದರು. 16 ಲಕ್ಷಣಗಳು, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿ ಇರೋದು ಇದೇ. ಅದನ್ನು ಇಂಗ್ಲಿಷಿನಲ್ಲೇ ಓದಿ ಕೇಳಿದರೆ ನಮ್ಮ ಹಿರಿಯರು "ಏನಿಲ್ಲಪ್ಪ, ಚಲೋ ಐತಿ" ಅಂದು ಮುಗಿಸ್ತಾರೆ. ಆದರೆ ನಮ್ಮ ಮಾತಿನಲ್ಲಿ ಎಷ್ಟು ಸೂಕ್ಷ್ಮ ಪದಗಳಿವೆ ನೋಡಿ. ತಲೆ ತಿರುಗೋದು ಬೇರೆ, ತಲೆ ಧಿಮ್ ಅನ್ನೋದು ಬೇರೆ. ಕಣ್ಣು ಕತ್ತಲೆ ಬರೋದು ಬೇರೆ, ಕಣ್ಣು ಮಂಜಾಗೋದು ಬೇರೆ. ಹೊಟ್ಟೆ ತೊಳಸೋದು, ವಾಕರಿಕೆ ಬರೋದು, ಬಾಯಲ್ಲಿ ನೀರು ಊರೋದು, ತಣ್ಣನೆ ಬೆವರು ಬರೋದು ಎಲ್ಲ ಬೇರೆ ಬೇರೆ. ಇಂಜಿನಿಯರಿಂಗ್ ಪರಿಭಾಷೆಗೆ ಕನ್ನಡ ಪದ ಎಲ್ಲಿ ಅಂತ ನಾವು ಆಗಾಗ ಚರ್ಚೆ ಮಾಡ್ತೀವಿ. ಇಲ್ಲಿ ಪದಗಳು ಆಗಲೇ ಮನೆಯಲ್ಲಿವೆ, ಹಾಳೆಗೆ ಇಳಿಸಬೇಕು ಅಷ್ಟೇ.

ಮುಂದಿನ ಸಲ ಪ್ರಾಜೆಕ್ಟ್ ಡೆಮೊ ಇದ್ದಾಗ ಒಂದು ಕುರ್ಚಿ ಹಾಕಿ, ಅರವತ್ತು ದಾಟಿದ ಒಬ್ಬರನ್ನು ಮತ್ತು ಹತ್ತು ವರ್ಷದ ಒಬ್ಬರನ್ನು ಕರೆದು ಕೂರಿಸಿ. ಐದು ನಿಮಿಷ ತೋರಿಸಿ, ಹೊಟ್ಟೆಯಲ್ಲಿ ಹೇಗಾಗ್ತಿದೆ ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನಮ್ಮ ಮಾರ್ಕ್ಸ್ ಶೀಟಿನಲ್ಲಿ ಅದಕ್ಕೆ ಅಂಕ ಇರಲಿಕ್ಕಿಲ್ಲ. ಆದರೆ ನಾವು ಮಾಡಿದ್ದು ಎಷ್ಟು ಜನರಿಗೆ ಆಗಿಬರುತ್ತೆ ಅನ್ನೋದು ಅಲ್ಲಿ ಗೊತ್ತಾಗುತ್ತೆ.